ಜಂಪಣ್ಣ ಹೂವಿನ ವಿಡಿಯೊ ಬಿಡಿಸಿ ನೋಡಿದ್ದು

ಹೊಳಲ್ಕೆರೆಯ ಸಂತೆಯಲ್ಲಿ ತೆಂಗಿನಕಾಯಿ ಮಾರುವವರು ಜಂಪಣ್ಣ ಬರುವುದನ್ನು ದೂರದಿಂದ ಕಂಡರೆ ಬೀಡಿ ಹಚ್ಚಿಕೊಂಡು ಕೂತುಬಿಡುತ್ತಾರೆ. ಬೇಗ ಮುಗಿಯುವ ವ್ಯಾಪಾರವಲ್ಲ ಅದು. ಕಾಯಿಯನ್ನು ಒಂದು ಕಿವಿಯ ಹತ್ತಿರ ಅಲ್ಲಾಡಿಸಿ, ಇನ್ನೊಂದು ಕಿವಿಯ ಹತ್ತಿರ ಅಲ್ಲಾಡಿಸಿ, ಎರಡು ಕಿವಿಗೂ ಹೊಂದಾಣಿಕೆಯಾಗದಿದ್ದರೆ ಪಕ್ಕದಲ್ಲಿ ನಿಂತವರ ಕಿವಿಗೂ ಹಿಡಿಯುತ್ತಾನೆ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಒಂದು ಅಂಗಡಿಯಲ್ಲಿ ಕೊಂಡು, ಇನ್ನೊಂದು ಅಂಗಡಿಯವನಿಗೆ ತೋರಿಸಿ, "ಇದನ್ನ ಯಾತಕ್ಕೆ ಕೊಡ್ತಾರಪ್ಪ?" ಎಂದು ಏನೂ ಅರಿಯದವನ ಹಾಗೆ ಕೇಳಿ, ತಾಳೆ ನೋಡಿದ ಮೇಲೆಯೇ ನುಂಗುವುದು. ಕ್ಷೌರಕ್ಕೆ ಕೂತರೆ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುವುದಿಲ್ಲ. ಹಿಂದಿನ ಗೂಟಕ್ಕೆ ತಗುಲಿಹಾಕಿದ ತನ್ನ ಅಂಗಿಯನ್ನೇ ನೋಡುತ್ತಿರುತ್ತಾನೆ.

ಇದು ಹುಟ್ಟುಗುಣವೋ ಕಸುಬು ಕಲಿಸಿದ್ದೋ ಹೇಳುವುದು ಕಷ್ಟ. ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ನಡುವೆ ಬಸ್ಸಿನಲ್ಲಿ ಕಂಡಕ್ಟರಾಗಿ ತಲೆ ನರೆಸಿಕೊಂಡವನು ಅವನು. ತಾಯಿಯ ಮಡಿಲಲ್ಲಿ ಮಲಗಿದ ಮಗುವಿನ ಕಾಲು ಎಲ್ಲಿಯವರೆಗೆ ಚಾಚಿದೆ ಎಂದು ನೋಡಿಯೇ ಅದರ ವಯಸ್ಸು ಹೇಳುತ್ತಿದ್ದ. "ಹಾಲು ಕುಡಿಯೋ ಕೂಸು ಕಣಣ್ಣ" ಎಂದು ತಾಯಿ ಹೇಳಿದರೆ ಅವಳ ಜೊತೆ ವಾದಕ್ಕೆ ಹೋಗುತ್ತಿರಲಿಲ್ಲ. ಕೂಸಿನ ಕೆನ್ನೆ ಸವರಿ, "ನಿಮ್ ಮೇಷ್ಟ್ರು ಹೊಡೀತಾರೇನೋ ಮಗಾ?" ಎಂದು ಅಕ್ಕರೆಯಿಂದ ಕೇಳುತ್ತಿದ್ದ. ಕೂಸು ಎದ್ದು ಕೂತು ಮೇಷ್ಟರ ಹೆಸರನ್ನೂ ಕ್ಲಾಸನ್ನೂ ಒಪ್ಪಿಸುತ್ತಿತ್ತು. ನಿವೃತ್ತಿಯಾದ ಮೇಲೆ ಬಸ್ಸು ಬಿಟ್ಟುಹೋಯಿತು, ಅನುಮಾನ ಬಿಡಲಿಲ್ಲ. ಇಡೀ ಊರೇ ಟಿಕೆಟ್ ಇಲ್ಲದೆ ಹತ್ತಿಕೊಂಡಿದೆ ಎನ್ನುವ ಹಾಗೆ ಓಡಾಡುತ್ತಿದ್ದ.

ಇಂಥವನಿಗೆ ಮದುವೆಗೆ ಬಂದ ಮಗಳೊಬ್ಬಳಿದ್ದಳು. ಮಂಗಳಾ ಬಿ.ಕಾಂ. ಮುಗಿಸಿ ಅಡಿಕೆ ಮಂಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಬಿಲ್ಲು ಹಾಕುತ್ತಿದ್ದಳು. ಅವಳಿಗೆ ಬಂದ ಗಂಡುಗಳನ್ನೆಲ್ಲ ಜಂಪಣ್ಣ ಒಬ್ಬೊಬ್ಬರಾಗಿ ಕೆಳಗಿಳಿಸಿಬಿಟ್ಟಿದ್ದ. ಒಬ್ಬನ ಹತ್ತಿರ ಎರಡು ಫೋನಿದ್ದವು, ಒಂದು ಯಾಕೆ ಸಾಲದು? ಇನ್ನೊಬ್ಬ ಊಟಕ್ಕೆ ಕೂತಾಗ ತುಪ್ಪ ಬೇಡ ಎಂದ, ಒಳಗೆ ಯಾವುದೋ ಕಾಯಿಲೆ ಇರಬೇಕು. ಹೆಂಡತಿ ಹೊನ್ನಕ್ಕನ ತಮ್ಮ ಮೋಹನ್‌ಕುಮಾರ್ ಹಿರಿಯೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದಾನೆ. ಅವನೂ ಒಬ್ಬ ಒಳ್ಳೆಯ ಹುಡುಗನನ್ನು ಕರೆತಂದಿದ್ದ. "ಸುಮ್ ಸುಮ್ನೆ ನಗ್ತಾನೆ" ಎಂದು ಜಂಪಣ್ಣ ಅವನನ್ನೂ ಕಳಿಸಿದ. ಮೋಹನ್‌ಕುಮಾರನಿಗೆ ಆಗ ಕೋಪ ಬಂದದ್ದು ನಿಜ, ಒಂದು ಹಬ್ಬಕ್ಕೆ ಅಕ್ಕನ ಮನೆಗೆ ಬರಲೇ ಇಲ್ಲ.

ಕೊನೆಗೂ ಒಬ್ಬ ಸಿಕ್ಕಿದ. ಜವನಗೊಂಡನಹಳ್ಳಿಯ ಲಕ್ಷ್ಮೀಕಾಂತ್, ಹಿರಿಯೂರಿನಲ್ಲಿ ಗುಮಾಸ್ತ. ಜಂಪಣ್ಣ ಹೇಳದೆ ಕೇಳದೆ ಬಸ್ಸು ಹತ್ತಿ ಹೋಗಿ, ಅವನ ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ಬೆಳಗಿನಿಂದ ಕೂತ. ಕ್ಷೌರದವನನ್ನು ವಿಚಾರಿಸಿದ, ಹಿಟ್ಟಿನ ಗಿರಣಿಯವನನ್ನು ವಿಚಾರಿಸಿದ, ಹೂ ಮಾರುವವಳನ್ನು ವಿಚಾರಿಸಿದ. ಎಳ್ಳಷ್ಟೂ ಹುಳುಕು ಸಿಗಲಿಲ್ಲ. ಆಮೇಲೆ ಎದುರಿಗೇ ಹೋಗಿ, ನಾನು ಇಂಥವನು, ಹೆಣ್ಣಿನ ತಂದೆ ಎಂದ. ಲಕ್ಷ್ಮೀಕಾಂತ್ ಅವನನ್ನು ಮೇಲಿಂದ ಕೆಳಗೆ ನೋಡಿ, "ನೀವೇ ಜಂಪಣ್ಣ ಅಂತ ನಾನೆಂಗೆ ನಂಬ್ಲಿ? ಆಧಾರ್ ಕಾರ್ಡ್ ಐತಾ?" ಎಂದು ಕೇಳಿದ. ಜಂಪಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕಾರ್ಡು ತೆಗೆದು ತೋರಿಸಿದ. ಮನೆಗೆ ಬಂದು ಹೆಂಡತಿಯ ಹತ್ತಿರ, "ಹುಡುಗ ಅಂದ್ರೆ ಅವ್ನು ಕಣೆ. ನನ್ನನ್ನೇ ಪರೀಕ್ಷೆ ಮಾಡಿದ" ಎಂದು ಹೇಳಿಕೊಂಡು ಹಿಗ್ಗಿದ.

ಉಳಿದದ್ದು ದೇವಿಯ ಒಪ್ಪಿಗೆ ಒಂದೇ. ಅವರ ಮನೆತನದಲ್ಲಿ ಹೂ ಕೇಳದೆ ಯಾವ ಶುಭಕಾರ್ಯವೂ ಇಲ್ಲ. ಊರಾಚೆಯ ಗುಡ್ಡದ ಮೇಲೆ ಅವರ ಕುಲದವರ ಸಣ್ಣ ಗುಡಿ, ಕಲ್ಲಿಗೆ ಕೂರಿಸಿದ ಹಿತ್ತಾಳೆಯ ಮುಖದ ಗುಡ್ಡದಮ್ಮ. ಪೂಜಾರಿ ಬರುವುದು ಮಂಗಳವಾರ, ಶುಕ್ರವಾರ ಮಾತ್ರ; ಉಳಿದ ದಿನ ಮನೆಯವರೇ ಬಾಗಿಲು ತೆಗೆದು ದೀಪ ಹಚ್ಚುತ್ತಾರೆ. ಅಮ್ಮನ ಎರಡು ಕಿವಿಯ ಪಕ್ಕದಲ್ಲೂ ನೀರಲ್ಲಿ ಅದ್ದಿದ ಒಂದೊಂದು ಕಣಗಿಲೆ ಹೂವಂಟಿಸಿ, ಮನಸ್ಸಿನಲ್ಲಿದ್ದದ್ದನ್ನು ಕೇಳಿ, ಕೈಮುಗಿದು ಕೂರುವುದು. ಅಮ್ಮನ ಬಲಗಡೆಯ ಹೂ ಮೊದಲು ಬಿದ್ದರೆ ಆಗಬಹುದು. ಎಡಗಡೆಯದು ಬಿದ್ದರೆ ಬೇಡ. ಅದರ ಮೇಲೆ ಎರಡನೇ ಮಾತಿಲ್ಲ.

ಜಂಪಣ್ಣನ ಮಂಡಿ ಗುಡ್ಡ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಹೊನ್ನಕ್ಕ, ಮಂಗಳಾ ಹೋಗುವುದು, ಮೋಹನ್‌ಕುಮಾರ್ ಕಾರಿನಲ್ಲಿ ಬುಡದವರೆಗೆ ಬಿಡುವುದು ಎಂದಾಯಿತು. ಜಂಪಣ್ಣ ಹೆಂಡತಿಗೆ ಹೇಳಿದ: "ವಿಡಿಯೊ ಹಿಡ್ಕಂಡ್ ಬಾ. ವಿಡಿಯೊ ಇಲ್ದೆ ಬಂದ್ರೆ ಬಲಗಡೆ ಅಂದ್ರೂ ಒಪ್ಪಲ್ಲ, ಎಡಗಡೆ ಅಂದ್ರೂ ಒಪ್ಪಲ್ಲ."

ಮಧ್ಯಾಹ್ನದ ಹೊತ್ತಿಗೆ ವಿಡಿಯೊ ಬಂತು. ಹಿತ್ತಾಳೆಯ ಮುಖ, ಮುಂದೆ ದೀಪ, ಎರಡು ಕೆಂಪು ಹೂವು. ನೋಡನೋಡುತ್ತ ಎಡಗಡೆಯ ಹೂ ಕೆನ್ನೆಯ ಮೇಲೆ ಜಾರಿ ಕೆಳಗೆ ಬಿತ್ತು.

ಜಂಪಣ್ಣ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡ. ಜೀವಮಾನದಲ್ಲಿ ಒಬ್ಬನನ್ನು ನಂಬಿದರೆ ದೇವಿ ಅವನನ್ನೇ ಬೇಡ ಎನ್ನಬೇಕೆ? ಚಿತ್ರ ತಿರುವುಮುರುವಾಗಿದೆಯೇನೋ ಎಂದು ಅಮ್ಮನ ಮೂಗುಬಟ್ಟು ಯಾವ ಕಡೆ ಇದೆ ನೋಡಿದ, ಸರಿಯಾಗಿಯೇ ಇತ್ತು. ಮತ್ತೆ ನೋಡಿದ. ಆಗ ಒಂದು ವಿಷಯ ತಲೆಗೆ ಹೊಳೆಯಿತು. ವಿಡಿಯೊದಲ್ಲಿ ಸದ್ದೇ ಇಲ್ಲ. ಹೊನ್ನಕ್ಕ ಅಲ್ಲಿದ್ದಾಳೆ, ಹೂ ಬೀಳುತ್ತಿದೆ, ಅವಳು ಸುಮ್ಮನಿದ್ದಾಳೆಂದರೆ ಯಾರು ನಂಬುತ್ತಾರೆ? ಹಾಲು ಉಕ್ಕಿದರೂ 'ಅಯ್ಯೋ ನನ್ನ ತಾಯಿ' ಎಂದು ಮೂರು ಮನೆಗೆ ಕೇಳುವ ಹಾಗೆ ಕೂಗುವವಳು ಅವಳು.

"ಸದ್ದು ಎಲ್ಲೋಯ್ತೆ?" ಎಂದು ಹೆಂಡತಿ ಮನೆಗೆ ಬಂದ ಮೇಲೆ ಕೇಳಿದ.

"ನಂಗೆಲ್ರೀ ಗೊತ್ತಾಗುತ್ತೆ ಫೋನು? ಅದೇನೋ ಒತ್ತಿದೆ, ಹೋಯ್ತು," ಎಂದಳು ಹೊನ್ನಕ್ಕ, ಅಕ್ಕಿ ಆರಿಸುತ್ತ.

ಅಂದಿನಿಂದ ಜಂಪಣ್ಣನಿಗೆ ಅದೇ ಧ್ಯಾನ. ಹೂ ಜಾರಿದ ಹಾಗೆ ಕಾಣುವುದಿಲ್ಲ, ಯಾರೋ ಜಾರಿಸಿದ ಹಾಗೆ ಕಾಣುತ್ತದೆ. ಯಾರು? ಉತ್ತರ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಸ್ಟುಡಿಯೊ ಇಟ್ಟಿರುವವನು ಯಾರು? ತಾನು ತಂದ ಹುಡುಗನನ್ನು ಬಿಟ್ಟು ಬೇರೆಯವನಿಗೆ ಕೊಡುತ್ತಾರೆಂದು ಹೊಟ್ಟೆ ಉರಿದುಕೊಂಡವನು ಯಾರು? ಕಾರು ತಂದವನು ಯಾರು? ಮೂರಕ್ಕೂ ಒಂದೇ ಹೆಸರು. ಮನೆಯ ಹೆಂಗಸರಿಬ್ಬರ ಮೇಲೆ ಮಾತ್ರ ಅವನಿಗೆ ಅನುಮಾನ ಬರಲಿಲ್ಲ. ಅದನ್ನು ನಂಬಿಕೆ ಎಂದು ಯಾರೂ ತಿಳಿಯಬಾರದು. ಇಷ್ಟೆಲ್ಲ ಮಾಡುವ ಬುದ್ಧಿ ಇವರಿಗೆಲ್ಲಿಂದ ಬರಬೇಕು ಎನ್ನುವ ತಾತ್ಸಾರ, ಅಷ್ಟೆ. ಗಂಡಿನ ಮನೆಗೆ ಫೋನ್ ಮಾಡಿ, ಅಮ್ಮನ ಅಪ್ಪಣೆ ಇನ್ನೂ ಪೂರ್ತಿಯಾಗಿಲ್ಲ, ಸ್ವಲ್ಪ ದಿನ ತಡೆಯಿರಿ ಎಂದ. ಈ ಮೋಸವನ್ನು ಬಯಲಿಗೆಳೆದು, ಮೋಹನ್‌ಕುಮಾರನ ಬಾಯಿ ಮುಚ್ಚಿಸಿ, ಲಕ್ಷ್ಮೀಕಾಂತನಿಗೇ ಮಗಳನ್ನು ಕೊಡುವುದು ಎಂದು ಹಟ ಹಿಡಿದ.

ಆದರೆ ಮೋಸ ಹಿಡಿಯಬೇಕಾದರೆ ಮೋಸ ಹೇಗೆ ಮಾಡುತ್ತಾರೆ ಎಂದು ಗೊತ್ತಿರಬೇಕಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿಯ ಮೇಲೆ ಒಂದು ಕಂಪ್ಯೂಟರ್ ಕೇಂದ್ರವಿತ್ತು. 'ನಿಮ್ಮ ಚಿತ್ರ ನೀವೇ ಓಡಿಸಿ. ಹೊಸಬರಿಗೆ ಅನಿಮೇಷನ್' ಎಂದು ಕೆಳಗೆ ಬೋರ್ಡು. ಜಂಪಣ್ಣ ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಗುಡ್ಡಕ್ಕೆ ಆಗದ ಮಂಡಿ ಇಲ್ಲಿಗೆ ಹೇಗೋ ಆಯಿತು.

ಕೇಂದ್ರ ನಡೆಸುವವಳು ಉಷಾರಾಣಿ. ಸಿರಿಗೆರೆ ಕಡೆಯ ಬಸ್ಸಿಗೆ ಬರುವ ಕಾಲೇಜು ಹುಡುಗಿಯರ ನಡುವೆ ಈ ಮುದುಕ ಯಾಕೆ ಬಂದ ಎಂದು ಅವಳಿಗೂ ಅನುಮಾನವಾಗದೆ ಇರಲಿಲ್ಲ. ಮೊಮ್ಮಗಳ ಫೀಸು ಕೊಡಲು ಬಂದ ತಾತ ಎಂದುಕೊಂಡಳು. "ಕಲಿಯೋನು ನಾನೇ" ಎಂದಾಗ ಕುರ್ಚಿ ಎಳೆದು ಕೊಟ್ಟಳು. "ಕುಂತ್ಕಳ್ರಿ ಅಂಕಲ್. ಯಾಕೆ ಕಲೀಬೇಕು ಅನ್ನಿಸ್ತು?"

"ಟೈಂಪಾಸು," ಎಂದ ಜಂಪಣ್ಣ. ಮುಖ ನೋಡಿದರೆ ಟೈಂಪಾಸಿಗೆ ಬಂದವನ ಹಾಗಿರಲಿಲ್ಲ.

ಮೊದಲ ಪಾಠ ಚೆಂಡು. ಮೇಲೆ ಒಂದು ಚೆಂಡು ಬರೆಯುವುದು. ಅದೊಂದು ಫ್ರೇಮು, ಅಂದರೆ ಒಂದು ಚಿತ್ರ. ಆಮೇಲೆ ಹೊಸ ಫ್ರೇಮು ತೆಗೆದರೆ ಹಾಳೆ ಖಾಲಿಯಾಗುತ್ತದೆ, ಆದರೆ ಹಿಂದಿನ ಚೆಂಡು ಮಸುಕಾಗಿ ಕಾಣುತ್ತಿರುತ್ತದೆ. "ಇದಕ್ಕೆ ಈರುಳ್ಳಿ ಸಿಪ್ಪೆ ಅಂತಾರೆ ಅಂಕಲ್. ಸಿಪ್ಪೆ ಮೇಲೆ ಸಿಪ್ಪೆ ಇಟ್ರೆ ಒಳಗಿಂದು ಕಾಣುತ್ತಲ್ಲ, ಹಂಗೆ. ಹಿಂದಿನ ಚೆಂಡು ಎಲ್ಲಿತ್ತು ನೋಡ್ಕಂಡು ಅದಕ್ಕಿಂತ ಸ್ವಲ್ಪ ಕೆಳಗೆ ಇನ್ನೊಂದು ಬರೀರಿ." ಹೀಗೆ ಬರೆಯುತ್ತ ಹೋಗಿ, ಒಂದು ಸೆಕೆಂಡಿಗೆ ಹನ್ನೆರಡು ಚಿತ್ರದ ಹಾಗೆ ಓಡಿಸಿದರೆ ಚೆಂಡು ಬೀಳುತ್ತದೆ.

ಜಂಪಣ್ಣನಿಗೆ ಇದರ ಮೇಲೂ ನಂಬಿಕೆ ಬರಲಿಲ್ಲ. ತಾನು ಬರೆದದ್ದನ್ನು ಕಂಪ್ಯೂಟರ್ ಮೂಲೆಗೆ ತಳ್ಳಿ, ಒಳಗೆ ಮೊದಲೇ ಇಟ್ಟುಕೊಂಡ ಚೆಂಡನ್ನು ತೋರಿಸಿದರೆ? ಉಷಾರಾಣಿ ಆ ಕಡೆ ತಿರುಗಿದಾಗ ಮಧ್ಯದ ಒಂದು ಚೆಂಡಿಗೆ ಮೀಸೆ ಬರೆದ. ಓಡಿಸಿದಾಗ ಚೆಂಡು ಬೀಳುತ್ತ ಬೀಳುತ್ತ ಕ್ಷಣಮಾತ್ರ ಮೀಸೆ ತೋರಿಸಿ ಹೋಯಿತು. ಪಕ್ಕದ ಹುಡುಗಿಯರು ಕಿಸಕ್ಕೆಂದರು. ಜಂಪಣ್ಣ ಮಾತ್ರ ಗಂಭೀರವಾಗಿ ತಲೆಯಾಡಿಸಿದ. ಸರಿ, ಮಷೀನು ಮೋಸ ಮಾಡುತ್ತಿಲ್ಲ.

ಆದರೆ ಅವನ ಚೆಂಡಿನಲ್ಲಿ ಏನೋ ಕೊರತೆಯಿತ್ತು. ಉಷಾರಾಣಿ ನೋಡಿ ನಕ್ಕಳು.

"ಇದು ಬೀಳ್ತಾ ಇಲ್ಲ ಅಂಕಲ್. ಬಾವಿಗೆ ಕೊಡ ಇಳಿಸಿದಂಗೆ ಐತೆ. ನೀವು ಎಲ್ಲಾ ಚೆಂಡನ್ನೂ ಸಮ ಅಂತರದಾಗೆ ಬರ್ದಿದೀರಿ. ಹೊಸಬ್ರೆಲ್ಲ ಮಾಡೋ ತಪ್ಪು ಇದೇ."

"ಮತ್ತೆ?"

"ಬಿಟ್ಟ ವಸ್ತು ಮೊದಲು ಮೆಲ್ಲಗೆ, ಆಮೇಲೆ ಜೋರು. ಮೇಲ್ಗಡೆ ಚೆಂಡುಗಳು ಒತ್ತೊತ್ತಾಗಿರ್ಬೇಕು, ಕೆಳಕ್ಕೆ ಬಂದಂಗೆ ಅಂತರ ಜಾಸ್ತಿ ಆಗ್ಬೇಕು. ಆವಾಗ ತಾನಾಗೇ ಬಿದ್ದಂಗೆ ಕಾಣುತ್ತೆ. ಸಮಸಮ ಇದ್ರೆ ಯಾರೋ ಕೈಯಾಗೆ ಇಳಿಸಿದಂಗೆ."

ಜಂಪಣ್ಣನ ಕಿವಿ ನಿಮಿರಿತು. ಅಂದು ಮನೆಗೆ ಹೋಗುವಾಗ ಅವನಿಗೆ ಕಾಲು ನೆಲದ ಮೇಲಿರಲಿಲ್ಲ.

ಮನೆಯಲ್ಲಿ ಅವನ ಮೇಲೇ ಅನುಮಾನ ಶುರುವಾಗಿತ್ತು. ದಿನವೂ ಬೆಳಿಗ್ಗೆ ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಾನೆ, ಎಲ್ಲಿಗೆ ಎಂದರೆ ಪೆನ್ಶನ್ ಕೆಲಸ ಎನ್ನುತ್ತಾನೆ. ಒಂದು ದಿನ ಹೊನ್ನಕ್ಕ ಮುದ್ದೆ ಬಡಿಸುತ್ತ, "ಪೆನ್ಶನ್ ಆಫೀಸ್ನೋರು ಈರುಳ್ಳಿ ವ್ಯಾಪಾರ ಮಾಡ್ತಾರೇನ್ರಿ? ನಿದ್ದೇಲಿ ಈರುಳ್ಳಿ ಸಿಪ್ಪೆ, ಈರುಳ್ಳಿ ಸಿಪ್ಪೆ ಅಂತ ಬಡಬಡಿಸ್ತೀರಾ" ಎಂದಳು. ಜಂಪಣ್ಣ ಸಾರು ನೆತ್ತಿಗೇರಿದವನ ಹಾಗೆ ಕೆಮ್ಮಿದ. ಮಂಗಳಾ ತಟ್ಟೆಯಿಂದ ತಲೆ ಎತ್ತಿ ಅಪ್ಪನನ್ನು ಒಮ್ಮೆ ನೋಡಿದಳು.

ಅವನಿಗೇ ತಿಳಿಯದ ಹಾಗೆ ಆ ಕೆಲಸದ ರುಚಿ ಹತ್ತಿಬಿಟ್ಟಿತ್ತು ಎನ್ನುವುದನ್ನೂ ಹೇಳಬೇಕು. ಚೆಂಡು ನೆಲಕ್ಕೆ ತಾಗುವ ಒಂದು ಚಿತ್ರದಲ್ಲಿ ಅದನ್ನು ಚಪ್ಪಟೆಯಾಗಿ ಬರೆಯಬೇಕೆಂದು ಉಷಾರಾಣಿ ಹೇಳಿದಾಗ ಅವನು ಜಗಳಕ್ಕೇ ನಿಂತ. ಚೆಂಡೇನು ರೊಟ್ಟಿಯೇ ಚಪ್ಪಟೆಯಾಗಲು? ಅವಳು ಹೇಳಿದ ಹಾಗೆ ಬರೆದು ಓಡಿಸಿದರೆ ಚೆಂಡು ಜೀವ ಬಂದು ಪುಟಿಯಿತು. ಅದನ್ನು ಎಷ್ಟು ಸಲ ಓಡಿಸಿದನೋ. ಒಂದು ಬಸ್ಸು ಬರೆದ, ಚಕ್ರ ತಿರುಗಿಸಿದ. ಬಸ್ಸು ನಿಂತಾಗ ಮುಂದಕ್ಕೊಮ್ಮೆ ತೂಗಿ ಹಿಂದಕ್ಕೆ ಬರುವುದನ್ನು ಯಾರೂ ಹೇಳಿಕೊಡದೆ ತಾನೇ ಬರೆದ. ಖುಷಿಯಾದದ್ದು ಯಾರಿಗೂ ಕಾಣಬಾರದೆಂದು ಮುಖ ಸಿಂಡರಿಸಿಕೊಂಡೇ ಇದ್ದ.

ಕೈ ಪಳಗಿದ ಮೇಲೆ ಫೋನ್ ಹೊರತೆಗೆದ. "ಯಾರೋ ಕಳಿಸಿದ್ರು ಮೇಡಂ. ಇದನ್ನ ಬಿಡಿಬಿಡಿ ಮಾಡಕ್ಕೆ ಆಗುತ್ತಾ?"

ಉಷಾರಾಣಿ ವಿಡಿಯೊವನ್ನು ಅದೇ ಸಾಫ್ಟ್‌ವೇರಿಗೆ ಹಾಕಿದಳು. ಅದು ಕೋಡುಬಳೆ ಸರದ ಹಾಗೆ ಸಾಲಾಗಿ ಫ್ರೇಮುಗಳಾಗಿ ಬಿಚ್ಚಿಕೊಂಡಿತು. ಜಂಪಣ್ಣ ಬರೀ ಹೂವನ್ನೇ ನೋಡಿದ. ಇಲ್ಲಿ, ಇಲ್ಲಿ, ಇಲ್ಲಿ. ಬೆರಳಲ್ಲಿ ಅಳೆದ. ಸಮ ಅಂತರ.

"ಇದು ವಿಡಿಯೊನೇ ಅಲ್ಲ ಅಂಕಲ್," ಎಂದಳು ಅವಳು. "ಹೂ ಸ್ವಲ್ಪ ಸರಿಸೋದು, ಫೋಟೊ ತೆಗೆಯೋದು. ಮತ್ತೆ ಸರಿಸೋದು, ಮತ್ತೆ ತೆಗೆಯೋದು. ಎಲ್ಲಾ ಜೋಡಿಸಿ ಓಡಿಸಿರೋದು. ದೀಪದ ಕುಡಿ ನೋಡಿ, ಒಂದ್ರಲ್ಲಿ ಈ ಕಡೆ ಐತೆ, ಮುಂದಿಂದ್ರಲ್ಲಿ ಥಟ್ಟನೆ ಆ ಕಡೆ. ಯಾರೋ ಹೊಸಬ್ರು ಮಾಡಿದಾರೆ. ನಿಮ್ ಮೊದಲ್ನೇ ಚೆಂಡಿನಂಗೇ ಐತೆ."

ಹೊಸಬರು ಎಂಬ ಮಾತನ್ನು ಕೇಳಿ ಜಂಪಣ್ಣ ಅಲ್ಲೇ ನಿಲ್ಲಬೇಕಿತ್ತು. ಹಿರಿಯೂರಿನ ಅರ್ಧ ಮದುವೆಗಳನ್ನು ಚಿತ್ರೀಕರಿಸಿದ ಮೋಹನ್‌ಕುಮಾರ್ ಹೊಸಬ ಹೇಗಾಗುತ್ತಾನೆ? ಆದರೆ ಕಳ್ಳ ಯಾರೆಂದು ಮೊದಲೇ ತೀರ್ಮಾನ ಮಾಡಿಕೊಂಡವನಿಗೆ ಇಂಥ ಮಾತು ಕಿವಿಗೆ ಬಿದ್ದರೂ ಒಳಗಿಳಿಯುವುದಿಲ್ಲ. ಆ ಫ್ರೇಮುಗಳನ್ನೆಲ್ಲ ಬಿಡಿ ಫೋಟೊ ಮಾಡಿಸಿ ಪೆನ್‌ಡ್ರೈವಿಗೆ ಹಾಕಿಸಿಕೊಂಡ. ಭಾನುವಾರ ಊಟಕ್ಕೆ ಬಾ ಎಂದು ಬಾಮೈದನಿಗೆ ಫೋನ್ ಮಾಡಿದ, ದನಿಯಲ್ಲಿ ಬೆಲ್ಲ ಕರಗಿಸಿಕೊಂಡು.

ಊಟ ಮುಗಿಯಿತು. ಜಂಪಣ್ಣ ಪೆನ್‌ಡ್ರೈವನ್ನು ಟೀವಿಗೆ ಚುಚ್ಚಿ, ರಿಮೋಟ್ ಹಿಡಿದು, ಬಾಗಿಲ ಕಡೆ ಕುರ್ಚಿ ಹಾಕಿಕೊಂಡು ಕೂತ. ಬಾಗಿಲ ಕಡೆ ಯಾಕೆಂದರೆ ಮೋಹನ್‌ಕುಮಾರ್ ಎದ್ದು ಓಡಬಾರದೆಂದು. ಹೊನ್ನಕ್ಕ ಅಡಿಗೆಮನೆಯ ಹೊಸ್ತಿಲಲ್ಲಿದ್ದಳು, ಮಂಗಳಾ ಅವಳ ಹಿಂದೆ. ಟೀವಿಯ ತುಂಬ ಗುಡ್ಡದಮ್ಮನ ಮುಖ ಬಂತು.

"ಮೋಹನ, ಹೂ ನೋಡು," ಎಂದು ಶುರು ಮಾಡಿದ. ಒಂದೊಂದೇ ಫ್ರೇಮು ಮುಂದಕ್ಕೆ ತಳ್ಳುತ್ತ, ಬಿಟ್ಟ ವಸ್ತು ಹೇಗೆ ಬೀಳುತ್ತದೆ, ಕೈಯಲ್ಲಿ ಇಳಿಸಿದ್ದು ಹೇಗೆ ಕಾಣುತ್ತದೆ, ಚೆಂಡು ಯಾಕೆ ಚಪ್ಪಟೆಯಾಗುತ್ತದೆ ಎಂಬುದನ್ನೆಲ್ಲ ವಿವರಿಸಿದ. ಚೆಂಡಿನ ವಿಷಯ ಇಲ್ಲಿ ಬೇಕಾಗಿರಲಿಲ್ಲ, ಆದರೆ ಕಲಿತದ್ದನ್ನು ಬಿಡಲು ಮನಸ್ಸಾಗಲಿಲ್ಲ.

ಮೋಹನ್‌ಕುಮಾರ್ ಮೊದಲು ಬಾಯಿ ಬಿಟ್ಟುಕೊಂಡು ಕೇಳಿದ, ಆಮೇಲೆ ಮುಂದಕ್ಕೆ ಬಗ್ಗಿದ. "ಹೌದಲ್ಲ ಭಾವ! ಯಾರೋ ಮಾಡಿರೋದು ಇದು."

"ಯಾರೋ ಅಲ್ಲ. ನೀನು."

"ನಾನಾ?"

"ನೀನೇ. ನಿನ್ ಹುಡುಗನ್ನ ಬ್ಯಾಡ ಅಂದೆ ಅಂತ ದೇವ್ರ ಹೂವಿಗೇ ಕೈ ಹಾಕಿದೀಯ."

ಮೋಹನ್‌ಕುಮಾರನ ಕಣ್ಣಲ್ಲಿ ನೀರಾಡಿತು. ಆದರೆ ಅವನು ಆಡಿದ ಮಾತು ಬೇರೆಯೇ. "ಇಷ್ಟು ವರ್ಷ ಇದೇ ಕೆಲಸದಾಗೆ ಅನ್ನ ತಿಂದಿದೀನಿ ಭಾವ. ನಾನ್ ಮಾಡಿದ್ರೆ ಹಿಂಗೆ ಮಾಡ್ತಿದ್ನಾ? ಆ ದೀಪ ನೋಡ್ರಿ, ಕಪ್ಪೆ ಕುಪ್ಪಳಿಸಿದಂಗೆ ಕುಪ್ಪಳಿಸ್ತಾ ಐತೆ. ಕಳ್ಳ ಅಂತ ಬೇಕಾದ್ರೆ ಅನ್ರಿ, ಕೆಲಸ ಬರಲ್ಲ ಅನ್ಬ್ಯಾಡ್ರಿ." ಹಾಗೆನ್ನುತ್ತಲೇ ಭಾವನ ಕೈಯಿಂದ ರಿಮೋಟ್ ತೆಗೆದುಕೊಂಡು ಒಂದೆರಡು ಫ್ರೇಮು ಹಿಂದಕ್ಕೆ ಹೋದ. "ನೀವ್ ಬರೀ ಹೂ ನೋಡಿದೀರಿ. ಹಿತ್ತಾಳೆ ನೋಡ್ರಿ. ಹುಣಸೇಹಣ್ಣು ಹಾಕಿ ತಿಕ್ಕಿ ಕನ್ನಡಿ ಮಾಡವ್ರೆ. ಇಲ್ಲಿ ಕೆನ್ನೇಲಿ ಯಾರೋ ಕಾಣ್ತಾರೆ."

ಜಂಪಣ್ಣ ಟೀವಿಯ ಹತ್ತಿರ ಹೋದ. ಅಮ್ಮನ ಕೆನ್ನೆಯ ಉಬ್ಬಿನಲ್ಲಿ, ಸಣ್ಣದಾಗಿ, ಬಗ್ಗಿ ಹೂವಿನಿಂದ ಕೈ ಹಿಂದಕ್ಕೆಳೆಯುತ್ತಿರುವ ಒಂದು ಆಕಾರ. ಮುಖ ತಿಳಿಯುವುದಿಲ್ಲ. ಹೆಗಲ ಮೇಲೆ ಹಳದಿ ವೇಲು, ಅದಕ್ಕೆ ಹಸಿರು ಅಂಚು. ಚಿತ್ರದುರ್ಗದ ಅಂಗಡಿಯಲ್ಲಿ ಬಣ್ಣ ಬಿಡುತ್ತದೆಯೇನೋ ಎಂದು ತುದಿ ಒದ್ದೆ ಮಾಡಿ, ತನ್ನ ಕರ್ಚೀಫಿಗೆ ಉಜ್ಜಿ ನೋಡಿ ಅವನೇ ಕೊಂಡುಕೊಟ್ಟ ವೇಲು. ಹಿತ್ತಲ ಹಗ್ಗದ ಮೇಲೆ ಈಗಲೂ ಒಣಗುತ್ತಿತ್ತು.

ಮೋಹನ್‌ಕುಮಾರ್ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟ.

"ನಾನೇ ಅಪ್ಪ," ಎಂದಳು ಮಂಗಳಾ. "ಅಡಿಕೆ ಮಂಡೀಲಿ ಊಟದ ಹೊತ್ತಲ್ಲಿ ಫೋನಾಗೇ ಕಲ್ತೆ. ಚೆನ್ನಾಗಿ ಬಂದಿಲ್ಲ ಅಂತ ನಂಗೂ ಗೊತ್ತಿತ್ತು."

"ದೇವ್ರ ಮುಂದೆ ಸುಳ್ಳಾ?" ಜಂಪಣ್ಣ ಟೀವಿಯ ಕಡೆ ಕೈ ತೋರಿಸಿದ. "ಅಮ್ಮ ಬಲಗಡೆ ಕೊಟ್ಟಿದ್ದನ್ನ ಎಡಗಡೆ ಅಂತ ತೋರಿಸ್ತೀಯಾ?"

ಹೊನ್ನಕ್ಕ ಹೊಸ್ತಿಲು ದಾಟಿ ಬಂದು ಮಗಳ ಮುಂದೆ ನಿಂತಳು. "ಅಮ್ಮನ್ನ ಕೇಳೇ ಇಲ್ಲ ಕಣ್ರಿ. ಕೇಳಿ, ಅವಳು ಕೊಟ್ಟಿದ್ದನ್ನ ತಿರುಚಿದ್ರೆ ಪಾಪ. ನಾವ್ ಕೇಳಿಲ್ಲ. ತಪ್ಪಾಯ್ತು ಅಂತ ದೀಪ ಹಚ್ಚಿ, ಕಾಯಿ ಒಡೆದು, ಫೋಟೊ ತಗಂಡು ಬಂದ್ವಿ. ವಿಡಿಯೊ ಬೇಕು ಅಂದೋರು ನೀವು."

"ಒಂದ್ ಮಾತು ನಂಗ್ ಹೇಳ್ಬಾರ್ದಿತ್ತಾ?"

"ಹೇಳಿದ್ರೆ?" ಎಂದಳು ಮಂಗಳಾ. ಅವಳ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ಹೇಳಿದ್ರೆ ಯಾರ್ ಹೇಳ್ಕೊಟ್ರು ಅಂತ ನೀನ್ ಕೇಳ್ತಿದ್ದೆ. ಅವನ ಬಗ್ಗೆ ಕ್ಷೌರದೋರನ್ನ ಕೇಳ್ದೆ, ಗಿರಣಿಯೋರನ್ನ ಕೇಳ್ದೆ, ದೇವ್ರನ್ನೂ ಕೇಳಕ್ಕೆ ಕಳಿಸ್ದೆ. ನನ್ನೊಬ್ಬಳನ್ನ ಕೇಳ್ಲಿಲ್ಲ."

"ಅಂಥದ್ದೇನೈತೆ ಅವನಲ್ಲಿ? ಹುಷಾರಿ ಹುಡುಗ."

"ಹುಷಾರಿನೇ. ನಂಬರ್ ಕೊಟ್ಟ ದಿನದಿಂದ ಫೋನ್ ಮಾಡ್ತಾನೆ. ಎಲ್ಲಿದೀಯ, ಪಕ್ಕದಾಗೆ ಯಾರವ್ರೆ, ಯಾಕ್ ಎತ್ತಲಿಲ್ಲ, ವಿಡಿಯೊ ಹಾಕು, ಮಂಡಿ ಒಳಗೆಲ್ಲ ತೋರ್ಸು ಅಂತಾನೆ. ತೋರ್ಸಿದ್ರೆ ಇನ್ನೊಂದ್ಸಲ ತೋರ್ಸು ಅಂತಾನೆ." ಅವಳು ಒಂದು ಕ್ಷಣ ತಡೆದಳು. "ಅವನು ನಿನ್ನಂಗೇ ಅಪ್ಪ. ಹುಟ್ಟಿದಾಗಿಂದ ನಿಂಗೆ ಲೆಕ್ಕ ಒಪ್ಪಿಸಿದೀನಿ. ಇನ್ನು ಸಾಯೋತನಕ ಅವನಿಗೆ ಒಪ್ಪಿಸ್ಲಾ?"

ಜಂಪಣ್ಣ ಕುರ್ಚಿಗೆ ಹೋಗಿ ಕೂತ. ಅವನಿಗೆ ಮೈಯೆಲ್ಲ ನಾಚಿಕೆಯಾಯಿತು, ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಆದರೂ ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಇಷ್ಟೆಲ್ಲದರ ನಡುವೆಯೂ ಒಳಗೊಂದು ದನಿ, ಇವಳು ಹೇಳುವುದು ನಿಜವೇ, ಅವನು ಹಾಗೆಲ್ಲ ಕೇಳಿದ್ದಕ್ಕೆ ಏನು ರುಜುವಾತು ಎಂದಿತು. ಅವನು ತಲೆ ಎತ್ತಿದ. ಬಾಯಿ ಇನ್ನೂ ತೆರೆದಿರಲಿಲ್ಲ, ಅಷ್ಟರಲ್ಲಿ ಮಂಗಳಾ ತನ್ನ ಫೋನ್ ತೆಗೆದು, ಲಕ್ಷ್ಮೀಕಾಂತನ ಮೆಸೇಜುಗಳನ್ನು ಬಿಚ್ಚಿ, ಅವನ ಕಡೆ ಚಾಚಿ ಹಿಡಿದಿದ್ದಳು. ಕೇಳುವ ಮೊದಲೇ. ಚೆಕಿಂಗ್ ಬಂದಾಗ ಟಿಕೆಟ್ ಚಾಚುವವರ ಹಾಗೆ ಅವನ ಮುಖವನ್ನೂ ನೋಡದೆ.

ಜಂಪಣ್ಣ ಫೋನನ್ನು ನೋಡಲಿಲ್ಲ, ಆ ಚಾಚಿದ ಕೈಯನ್ನೇ ನೋಡಿದ. ಎಷ್ಟು ವರ್ಷದಿಂದ ಈ ಹುಡುಗಿ ಹೀಗೆ ಕೈ ಚಾಚುತ್ತಿದ್ದಾಳೆ?

"ಒಳಗಿಡು," ಎಂದ. "ನೀನ್ ಹೇಳು. ಬ್ಯಾಡ್ವಾ?"

"ಬ್ಯಾಡ."

ಜಂಪಣ್ಣ ತನ್ನ ಫೋನ್ ತೆಗೆದು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ, ಜವನಗೊಂಡನಹಳ್ಳಿಗೆ ಫೋನ್ ಮಾಡಿದ. ಎತ್ತಿದವನು ಲಕ್ಷ್ಮೀಕಾಂತನೇ.

"ಹೇಳ್ರಿ ಮಾವ. ಅಮ್ಮ ಏನಂದ್ಲು?"

ಎಡಗಡೆ ಕೊಟ್ಟಳು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ವಿಡಿಯೊ ಕೂಡ ಕೈಯಲ್ಲೇ ಇತ್ತು. ಹೊನ್ನಕ್ಕ ಅದನ್ನೇ ಹೇಳಿರೆಂದು ಕೈಸನ್ನೆ ಮಾಡುತ್ತಿದ್ದಳು.

"ಅಮ್ಮನ್ನ ಕೇಳಿಲ್ಲಪ್ಪ," ಎಂದ ಜಂಪಣ್ಣ. "ನನ್ ಮಗಳನ್ನ ಕೇಳ್ದೆ. ಬ್ಯಾಡ ಅಂದ್ಲು. ಇಲ್ಲಿಗೆ ಬಿಟ್ಬಿಡಾಣ."

ಲಕ್ಷ್ಮೀಕಾಂತ್ ಬಿಡಲಿಲ್ಲ.

"ಯಾರಾದ್ರೂ ಏನಾದ್ರೂ ಹೇಳ್ಕೊಟ್ರಾ?"

"ಇಲ್ಲ."

"ಬೇರೆ ಯಾವನಾದ್ರೂ ಅವ್ನಾ?"

"ಇಲ್ಲ."

"ಸ್ಪೀಕರ್ ಹಾಕಿದೀರಾ? ಪಕ್ಕದಾಗೆ ಯಾರವ್ರೆ? ಅವಳೇ ಅಂದಿದ್ದು ಅನ್ನಕ್ಕೆ ಏನ್ ಸಾಕ್ಷಿ? ವಿಡಿಯೊ ಹಾಕ್ರಿ, ನಾನು ಮುಖ ನೋಡಿ ಕೇಳ್ತೀನಿ."

ಒಂದೊಂದು ಪ್ರಶ್ನೆಯೂ ಬರುವ ಮೊದಲೇ ಜಂಪಣ್ಣನಿಗೆ ಗೊತ್ತಿತ್ತು. ಅವನಾಗಿದ್ದರೂ ಇವನ್ನೇ, ಇದೇ ಸಾಲಿನಲ್ಲಿ ಕೇಳುತ್ತಿದ್ದ. ಮಂಗಳಾ ಕೂದಲು ಸರಿಮಾಡಿಕೊಂಡು, ಫೋನಿಗೆ ಮುಖ ಕೊಡಲು ಹತ್ತಿರ ಬರುತ್ತಿದ್ದಳು. ಜಂಪಣ್ಣ ಅವಳನ್ನು ಕೈಯಲ್ಲೇ ತಡೆದ.

"ಸಾಕ್ಷಿ ಏನಿಲ್ಲಪ್ಪ. ಅವಳು ಹೇಳಿದ್ಲು, ನಾನು ನಂಬಿದೀನಿ."

"ಅದೆಂಗೆ ನಂಬ್ತೀರಿ?" ಎಂದು ಲಕ್ಷ್ಮೀಕಾಂತ್ ಕೇಳಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಜಂಪಣ್ಣ ಮಗಳ ಕಡೆ ಒಮ್ಮೆ ನೋಡಿದ. ಫೋನ್ ಇಟ್ಟುಬಿಟ್ಟ.